ಹೊತ್ತು ಯಾರ ಸೊತ್ತು?

ಹೋದ ಬೇಸಗೆಯಲ್ಲಿ ನಮ್ಮ ಅಕ್ಕನ ಮಗ ಲಂಡನ್ನಿನಿಂದ ಬಂದು ಎರಡು ತಿಂಗಳು ಮೈಸೂರಿನಲ್ಲಿದ್ದ. ಅವನಿಗೆ ಆಗ ಕೆಲಸವಿರಲಿಲ್ಲ; ಸಂಬಳವಿತ್ತು. ಕೆಲಸವಿಲ್ಲದೆ ಸಂಬಳ ಬರುವುದು ನಮ್ಮ ಕಡೆಯವರಿಗೆ ಪೂರ್ವಜನ್ಮದ ಸುಕೃತವೆಂದೋ ಕಚೇರಿಯ ಗುಮಾಸ್ತನ ಪ್ರಮಾದವೆಂದೋ ಮಾತ್ರ ಗೊತ್ತು. ಇವನದು ಎರಡೂ ಅಲ್ಲ. ಒಂದು ಸಂಸ್ಥೆಯನ್ನು ಬಿಟ್ಟು ಇನ್ನೊಂದನ್ನು ಸೇರುವವನಿದ್ದ. ಬಿಟ್ಟ ಸಂಸ್ಥೆಯವರು, ಒಂದು ವರ್ಷ ನೀನು ಎಲ್ಲಿಯೂ ದುಡಿಯಕೂಡದು, ಸುಮ್ಮನಿರು, ಸುಮ್ಮನಿರುವುದಕ್ಕೆ ಸಂಬಳ ನಾವು ಕೊಡುತ್ತೇವೆ ಎಂದು ಕರಾರಿನ ಪ್ರಕಾರ ಕಳುಹಿಸಿಕೊಟ್ಟಿದ್ದರು. ಇದಕ್ಕೆ ಆ ಊರಿನಲ್ಲಿ ‘ಗಾರ್ಡನಿಂಗ್ ಲೀವ್’ ಎಂದು ಹೆಸರಂತೆ. ಮನೆಯಲ್ಲಿ ಕುಳಿತು ಹೂದೋಟ ನೋಡಿಕೊಂಡಿರು ಎಂದು ತಾತ್ಪರ್ಯ. ನಮ್ಮ ಅಕ್ಕ ಇಂಥ ಮಾತುಗಳನ್ನು ಅಕ್ಷರಶಃ ತೆಗೆದುಕೊಳ್ಳುವವಳು. “ತೋಟದ ರಜಾ ಅಂತೀಯ, ಹಿತ್ತಲಿನ ಮಲ್ಲಿಗೆ ಗಿಡಕ್ಕೆ ಒಂದು ಬಿಂದಿಗೆ ನೀರಾದರೂ ಹಾಕೋ” ಎಂದು ಬಂದ ಮಾರನೆಯ ದಿನವೇ ಬಿಂದಿಗೆಯನ್ನು ಅವನ ಕೈಗೆ ಕೊಟ್ಟಳು.

ಈ ಹುಡುಗನ ಉದ್ಯೋಗ ಏನೆಂಬುದನ್ನು ನಾನು ತಿಳಿದುಕೊಂಡ ಮಟ್ಟಿಗೆ ಹೇಳಬೇಕು. ನಾನು ಕನ್ನಡದ ಅಧ್ಯಾಪಕ. ಲೆಕ್ಕಕ್ಕೂ ನನಗೂ ಇರುವ ಸ್ನೇಹ ಉತ್ತರಪತ್ರಿಕೆಯ ಅಂಕಗಳನ್ನು ಕೂಡಿಸುವಷ್ಟರದು. ಷೇರು, ಸಾಲಪತ್ರ, ನಾಣ್ಯ, ಎಣ್ಣೆ, ಗೋಧಿ ಇವುಗಳ ಬೆಲೆ ಏರಿಳಿಯುವ ರೀತಿಯನ್ನು ಗಣಿತದಿಂದ ಅಳೆದು, ಆ ಅಳತೆಯ ಮೇಲೆ ಕೊಳ್ಳುವುದನ್ನೂ ಮಾರುವುದನ್ನೂ ಯಂತ್ರಕ್ಕೆ ಒಪ್ಪಿಸುವ ಕಸಬು ಇದು. ಕಸಬಿನವರನ್ನು ‘ಕ್ವಾಂಟ್’ ಎಂದು ಕರೆಯುತ್ತಾರೆ. 1900ರಲ್ಲಿ ಪ್ಯಾರಿಸ್ಸಿನ ಲೂಯಿ ಬಶೆಲಿಯೆ ಎಂಬಾತ ಷೇರುಪೇಟೆಯ ಸಟ್ಟಾ ವ್ಯಾಪಾರವನ್ನು ಕುರಿತು ಗಣಿತದ ಪ್ರಬಂಧವನ್ನು ಬರೆದ. ಪೇಟೆಯವರು ಅದನ್ನು ಬಹುಕಾಲ ಕಣ್ಣೆತ್ತಿ ನೋಡಲಿಲ್ಲ. 1973ರಲ್ಲಿ ಫಿಷರ್ ಬ್ಲ್ಯಾಕ್, ಮೈರನ್ ಶೋಲ್ಸ್ ಎಂಬಿಬ್ಬರು ‘ಆಪ್ಷನ್’ ಎಂಬ ಕರಾರುಗಳಿಗೆ ಬೆಲೆಕಟ್ಟುವ ಸೂತ್ರವನ್ನು ಪ್ರಕಟಿಸಿದ ಮೇಲೆ ವಾಲ್ ಸ್ಟ್ರೀಟಿಗೆ ಗಣಿತ ಬಲ್ಲವರು ಬೇಕಾದರು. ಇಮ್ಯಾನ್ಯುಯೆಲ್ ಡರ್ಮನ್ ಎಂಬ ಭೌತವಿಜ್ಞಾನಿ 1985ರಲ್ಲಿ ಬ್ಯಾಂಕೊಂದನ್ನು ಸೇರಿ, 2004ರಲ್ಲಿ ಈ ಬದುಕನ್ನು ಕುರಿತು ಆತ್ಮಕಥೆಯನ್ನೇ ಬರೆದಿದ್ದಾನೆ. ಗಣಿತಕ್ಕೂ ಹಣಕ್ಕೂ ನಮ್ಮಲ್ಲಿಯೂ ಹಗೆಯೇನಿರಲಿಲ್ಲ. ನೃಪತುಂಗನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಬಡ್ಡಿಯ ಲೆಕ್ಕಗಳಿವೆ, ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿಯೇ ‘ವ್ಯವಹಾರಗಣಿತ’ವನ್ನು ಬರೆದ. ಆದರೆ ರಾಜಾದಿತ್ಯನ ಲೆಕ್ಕ ಅವನ ಮನೆಯ ದೀಪ ಆರಿದಾಗ ತಾನೂ ಆರುತ್ತಿತ್ತೆಂದು ನನ್ನ ಊಹೆ. ಈ ಹುಡುಗನದು ಹಾಗಲ್ಲ.

ಅವನ ದಿನಚರಿಯನ್ನು ಅವನಿಂದಲೇ ಕೇಳಿ ತಿಳಿದೆ. ಬೆಳಗ್ಗೆ ಐದೂವರೆಗೆ ಏಳುವುದು. ರೈಲು ಹಿಡಿದು ಏಳಕ್ಕೆ ಮೊದಲು ಮೇಜಿನ ಮುಂದೆ ಇರುವುದು. ರಾತ್ರಿಯೆಲ್ಲ ಯಂತ್ರ ಮಾಡಿಟ್ಟ ಲೆಕ್ಕವನ್ನು ತಪ್ಪಿಲ್ಲವೇ ಎಂದು ನೋಡುವುದು ಮೊದಲ ಕೆಲಸ. ಯಾವುದೋ ಕಂಪನಿ ತನ್ನ ಒಂದೊಂದು ಷೇರನ್ನೂ ಎರಡಾಗಿ ಒಡೆದಿರುತ್ತದೆ; ಬೆಲೆ ಸಹಜವಾಗಿ ಅರ್ಧವಾಗುತ್ತದೆ; ಯಂತ್ರಕ್ಕೆ ಈ ಸುದ್ದಿ ಮುಟ್ಟದಿದ್ದರೆ ಕಂಪನಿ ಮುಳುಗಿಹೋಯಿತೆಂದು ಅದು ಬಗೆಯುತ್ತದೆ. ಇಂಥವನ್ನು ಹೆಕ್ಕಿ ತೆಗೆಯುವುದು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಎಂಟಕ್ಕೆ ಲಂಡನ್ ಪೇಟೆ ತೆರೆಯುತ್ತದೆ. ಆಮೇಲೆ ಸಂಶೋಧನೆ. ಒಂದು ಊಹೆ ಹೊಳೆಯುತ್ತದೆ. ಅದನ್ನು ಹತ್ತಿಪ್ಪತ್ತು ವರ್ಷಗಳ ಹಳೆಯ ಬೆಲೆಗಳ ಮೇಲೆ ಉಜ್ಜಿ ನೋಡುತ್ತಾರೆ. ಹತ್ತರಲ್ಲಿ ಒಂಬತ್ತು ಸುಳ್ಳಾಗುತ್ತವೆ. ಹತ್ತನೆಯದು ನಿಜವೆಂದು ತೋರಿದರೆ ಅದರ ಮೇಲೆಯೇ ಹೆಚ್ಚು ಅನುಮಾನ. ಊಟ ಮೇಜಿನ ಮೇಲೆ. ಎರಡೂವರೆಗೆ ನ್ಯೂಯಾರ್ಕ್ ಪೇಟೆ ತೆರೆಯುತ್ತದೆ. ಮಾರ್ಚಿಯಲ್ಲಿ ಅಮೆರಿಕದವರು ಎರಡನೆಯ ಭಾನುವಾರ ಗಡಿಯಾರವನ್ನು ಮುಂದಕ್ಕೆ ತಿರುಗಿಸುತ್ತಾರೆ, ಇಂಗ್ಲೆಂಡಿನವರು ಕೊನೆಯ ಭಾನುವಾರ. ನಡುವಿನ ಆ ಎರಡು ಮೂರು ವಾರ ಒಂದೂವರೆಗೇ ತೆರೆಯುತ್ತದೆ, ಅಷ್ಟು ದಿನ ಇವನ ಊಟದ ಹೊತ್ತೂ ಹಿಂದುಮುಂದಾಗುತ್ತದೆ. ನಾಲ್ಕೂವರೆಗೆ ಲಂಡನ್ ಪೇಟೆ ಮುಚ್ಚಿದ ಮೇಲೆ ದಿನದ ಲಾಭನಷ್ಟ ನೋಡಿ, ಆರಕ್ಕೆ ಮೇಜಿನಿಂದ ಏಳುತ್ತಾನೆ. ಶನಿವಾರ ಭಾನುವಾರ ಪೇಟೆಗೆ ರಜಾ.

ಗಂಟೆಯ ಲೆಕ್ಕ ಹಾಕಿದರೆ ವಾರಕ್ಕೆ ಐವತ್ತೈದಾಯಿತು. ಹಣಕಾಸಿನ ಲೋಕದಲ್ಲಿ ಇದು ಸುಖದ ಲೆಕ್ಕ. 2021ರಲ್ಲಿ ಅಮೆರಿಕದ ಹೆಸರಾಂತ ಬ್ಯಾಂಕೊಂದರ ಮೊದಲ ವರ್ಷದ ನೌಕರರು 13 ಮಂದಿ ಸೇರಿ ತಾವು ಸರಾಸರಿ ವಾರಕ್ಕೆ 95 ಗಂಟೆ ದುಡಿಯುತ್ತಿರುವುದಾಗಿಯೂ ಅದನ್ನು 80ಕ್ಕೆ ಇಳಿಸಬೇಕೆಂದೂ ಕೇಳಿಕೊಂಡ ಸಂಗತಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. 2024ರಲ್ಲಿ ಜೆ.ಪಿ. ಮಾರ್ಗನ್ ಬ್ಯಾಂಕು ತನ್ನ ಕಿರಿಯರಿಗೆ 80 ಗಂಟೆಯ ಮಿತಿ ಹಾಕಿದ್ದು ಒಂದು ಉಪಕಾರವೆಂಬಂತೆ ಸುದ್ದಿಯಾಯಿತು. ನಮ್ಮ 1948ರ ಕಾರ್ಖಾನೆಗಳ ಕಾಯಿದೆ ಕೂಲಿಗಾರನಿಗೆ ವಾರಕ್ಕೆ 48 ಗಂಟೆಯೆಂದು ಗೊತ್ತುಮಾಡಿತ್ತು. ಆ 48ಕ್ಕೂ ಈ 95ಕ್ಕೂ ನಡುವೆ, 48ರ ಕಡೆಗೇ ಹೆಚ್ಚು ಹತ್ತಿರವಾಗಿ, ನಮ್ಮ ಹುಡುಗ ಇದ್ದಾನೆ. ಮೌಲ್ಯಮಾಪನದ ತಿಂಗಳಲ್ಲಿ ನಾನೂ ಅಷ್ಟು ಹೊತ್ತು ಕೂರುತ್ತೇನೆ. ಆ ಹುಡುಗನ ಒಂದು ವಾರದ ಸಂಬಳ ನನಗೆ ಒಂದು ವರ್ಷದಲ್ಲಿ ಬರುವುದಿಲ್ಲವೆಂಬುದು ಬೇರೆ ಮಾತು.

ಹೀಗಿರುವಾಗ ದೂರು ಏನು? ದೂರು ಅವನದಲ್ಲ, ಅವನ ಹೆಂಡತಿಯದು. ಆಕೆ ಅಲ್ಲಿಯೇ ಒಂದು ಆಸ್ಪತ್ರೆಯಲ್ಲಿ ವೈದ್ಯೆ. ರಾತ್ರಿ ಪಾಳಿ, ಹನ್ನೆರಡು ಗಂಟೆಯ ಕೆಲಸ. ಗಡಿಯಾರದ ಲೆಕ್ಕದಲ್ಲಿ ಗಂಡನಿಗಿಂತ ಹೆಚ್ಚೇ ದುಡಿಯುತ್ತಾಳೆ. ಒಂದು ದಿನ ಅವನಿಗೆ ಹೇಳಿದಳಂತೆ: “ನಾನು ಮನೆಗೆ ತಡವಾಗಿ ಬರ್ತೀನಿ. ನೀನು ಬರೋದೇ ಇಲ್ಲ.” ಅವನು ಏಳು ಗಂಟೆಗೆ ಬಂದು ಸೋಫಾದ ಮೇಲೆ ಕುಳಿತಿದ್ದಾಗಲೇ ಹೇಳಿದ ಮಾತು ಇದು.

ಆ ಮಾತಿನ ಅರ್ಥ ನನಗೆ ಮೈಸೂರಿನಲ್ಲಿ ಕಣ್ಣಾರೆ ಕಾಣಿಸಿತು. ರಜೆಯ ಆ ಎರಡು ತಿಂಗಳು ಅವನಿಗೆ ಕಚೇರಿಯ ಯಂತ್ರವಿರಲಿಲ್ಲ, ಕಚೇರಿಯ ಬಾಗಿಲು ತೆರೆಯುವ ಗುರುತಿನ ಚೀಟಿಯೂ ಇರಲಿಲ್ಲ. ಆದರೂ ಮಧ್ಯಾಹ್ನ ಹನ್ನೆರಡೂವರೆಯಾಗುತ್ತಲೂ ಅನ್ನದ ಮೇಲಿನ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಅಕ್ಕ ಮೊದಲು ಸಾರಿಗೆ ಉಪ್ಪು ಹೆಚ್ಚಾಯಿತೇನೋ ಎಂದುಕೊಂಡಳು. ಅದು ಲಂಡನ್ನಿನಲ್ಲಿ ಎಂಟು ಗಂಟೆ, ಪೇಟೆ ತೆರೆಯುವ ಹೊತ್ತು. ಸಂಜೆ ಏಳಕ್ಕೆ ನ್ಯೂಯಾರ್ಕ್. ದೇವರ ದೀಪ ಹಚ್ಚಿ ಅಕ್ಕ ಕರೆದರೆ ಹುಡುಗ ‘ಹ್ಞೂ’ ಎನ್ನುತ್ತಿದ್ದ. ಆ ಹ್ಞೂಕಾರ ಅಟ್ಲಾಂಟಿಕ್ ಸಮುದ್ರದ ಆಚೆಯಿಂದ ಬಂದ ಹಾಗಿರುತ್ತಿತ್ತು.

ನಮ್ಮ ಭಾವನವರು ಬ್ಯಾಂಕಿನಲ್ಲಿ ಗುಮಾಸ್ತರಾಗಿ ಸೇರಿ ಅಧಿಕಾರಿಗಳಾಗಿ ನಿವೃತ್ತರಾದವರು. ತಂದೆಯೂ ಹಣದ ಲೆಕ್ಕದವರು, ಮಗನೂ ಹಣದ ಲೆಕ್ಕದವನು. ಆದರೆ ಒಂದೇ ವೃತ್ತಿಯೆಂದರೆ ಇಬ್ಬರಿಗೂ ಅವಮಾನ. ಭಾವನವರು ಹೇಳುವ ಹಳೆಯ ಕಥೆಗಳೆಲ್ಲ ಲೆಡ್ಜರಿನವು. ಕಂಪ್ಯೂಟರು ಬರುವುದಕ್ಕೆ ಮೊದಲು ಖಾತೆಗಳನ್ನೆಲ್ಲ ಕೈಯಲ್ಲಿ ಬರೆದು ಕೂಡುತ್ತಿದ್ದ ಕಾಲ. ಮಧ್ಯಾಹ್ನ ಎರಡಕ್ಕೆ ಗಿರಾಕಿಗಳ ಕಿಟಕಿ ಮುಚ್ಚಿದ ಮೇಲೆ ದಿನದ ಲೆಕ್ಕ ತಾಳೆಯಾಗಬೇಕು. ಹತ್ತು ಪೈಸೆ ವ್ಯತ್ಯಾಸ ಬಂದರೂ ಯಾರೂ ಏಳುವಂತಿಲ್ಲ. ಒಬ್ಬರು ಓದುವುದು, ಒಬ್ಬರು ಟಿಕ್ ಹಾಕುವುದು. ಎಲ್ಲೋ ಒಂದು ಕಡೆ 69 ಇದ್ದದ್ದು 96 ಆಗಿರುವುದು ಸಿಕ್ಕಿದಾಗ ರಾತ್ರಿ ಹತ್ತು ಗಂಟೆ. ಅರ್ಧವಾರ್ಷಿಕ ಲೆಕ್ಕ ಮುಗಿಸುವ ದಿನಗಳಲ್ಲಂತೂ ಬ್ಯಾಂಕಿನಲ್ಲಿಯೇ ಉಪ್ಪಿಟ್ಟು, ಕಾಫಿ. “ಆದರೆ ತಾಳೆ ಆಯಿತು ಅಂದಮೇಲೆ ಮುಗೀತು ಕಣಯ್ಯ. ಸೈಕಲ್ ಹತ್ತಿದರೆ ತಲೆಯಲ್ಲಿ ಏನೂ ಇರ್ತಿರಲಿಲ್ಲ. ದಾರಿಯಲ್ಲಿ ಹಾಡು ಹೇಳ್ಕೊಂಡು ಬರ್ತಿದ್ದೆ” ಎಂದರು ಭಾವ.

ಮಗ ಕೇಳುತ್ತಿದ್ದವನು, “ಅಪ್ಪ, ನಿಮ್ಮ ಲೆಕ್ಕ ತಾಳೆ ಆಗ್ತಿತ್ತು. ನಮ್ಮದು ತಾಳೆ ಆಗೋದೇ ಇಲ್ಲ” ಎಂದ.

ಈ ಮಾತನ್ನು ನಾನು ಆಮೇಲೆ ಬಹಳ ಸಲ ನೆನೆದುಕೊಂಡಿದ್ದೇನೆ. ಗುಮಾಸ್ತನ ಲೆಕ್ಕಕ್ಕೆ ಸರಿ ಎಂಬ ಒಂದು ತುದಿಯಿದೆ. ಮುಂದಾಗುವುದನ್ನು ಊಹಿಸುವ ಲೆಕ್ಕಕ್ಕೆ ಆ ತುದಿಯಿಲ್ಲ. ನಿನ್ನೆಗಿಂತ ಇಂದು ತಪ್ಪು ಸ್ವಲ್ಪ ಕಡಿಮೆಯಾಗಬಹುದು, ಅಷ್ಟೆ. ಅಲ್ಲದೆ ಒಮ್ಮೆ ಕಂಡುಕೊಂಡ ಗುಟ್ಟು ಬಹುಕಾಲ ಬಾಳುವುದಿಲ್ಲವಂತೆ. ಬೇರೆಯವರೂ ಅದನ್ನು ಕಂಡುಕೊಳ್ಳುತ್ತಾರೆ, ಅದರ ಲಾಭ ಕರಗುತ್ತದೆ, ಮತ್ತೆ ಹೊಸದನ್ನು ಹುಡುಕಬೇಕು. 2007ರ ಆಗಸ್ಟ್ ತಿಂಗಳಲ್ಲಿ ಇಂಥ ಹಲವು ಸಂಸ್ಥೆಗಳು ಕೆಲವೇ ದಿನಗಳಲ್ಲಿ ಒಟ್ಟಿಗೆ ನಷ್ಟಕ್ಕೆ ಬಿದ್ದವು. ಪ್ರತಿಯೊಬ್ಬರೂ ತಮ್ಮ ಗುಟ್ಟೆಂದು ಬಗೆದಿದ್ದು ಹೆಚ್ಚುಕಡಮೆ ಒಂದೇ ಗುಟ್ಟಾಗಿತ್ತು. ಇನ್ನು ಎಚ್ಚರ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಅವರೆಲ್ಲ ಹೇಳುವ ಕಥೆ ನೈಟ್ ಕ್ಯಾಪಿಟಲ್ ಎಂಬ ಅಮೆರಿಕದ ಸಂಸ್ಥೆಯದು. 2012ರ ಆಗಸ್ಟ್ 1ರಂದು ಅವರ ಎಂಟು ಯಂತ್ರಗಳಲ್ಲಿ ಏಳಕ್ಕೆ ಹೊಸ ಆಜ್ಞೆಗಳನ್ನು ತುಂಬಿ ಒಂದರಲ್ಲಿ ಹಳೆಯದನ್ನು ಮರೆತುಬಿಟ್ಟಿದ್ದರು. ಪೇಟೆ ತೆರೆದ ಮುಕ್ಕಾಲು ಗಂಟೆಯಲ್ಲಿ 44 ಕೋಟಿ ಡಾಲರಿಗೂ ಮೇಲೆ ನಷ್ಟವಾಯಿತು. ಮುಕ್ಕಾಲು ಗಂಟೆಯೆಂದರೆ ನಮ್ಮ ಕಾಲೇಜಿನ ಒಂದು ಪಾಠದ ಅವಧಿಗಿಂತ ಕಡಮೆ. ಇಂಥ ಕಥೆಯನ್ನು ಕೇಳಿ ಬೆಳೆದವನು ಸೋಫಾದ ಮೇಲೆ ಕುಳಿತು ಎಂಟು ಯಂತ್ರಗಳನ್ನೂ ಮನಸ್ಸಿನಲ್ಲಿಯೇ ಎಣಿಸುತ್ತಿದ್ದರೆ ಆಶ್ಚರ್ಯವೇನು?

ಇಲ್ಲಿ ನನ್ನನ್ನು ಕಾಡುವ ಪ್ರಶ್ನೆ ಗಂಟೆಗಳು ಹೆಚ್ಚೇ ಕಡಮೆಯೇ ಎಂಬುದಲ್ಲ. ಗಂಟೆಯೆಂಬುದು ಕೈಯ ದುಡಿಮೆಗೆ ಹೊಂದಿದ ಅಳತೆ. ಮಗ್ಗದ ಮುಂದಿನಿಂದ ಎದ್ದವನ ಕೈ ಮಗ್ಗದಿಂದ ಬಿಡುಗಡೆಯಾಯಿತು; ಕಾಯಿದೆ ಆ ಕೈಯನ್ನು ಎಣಿಸಬಲ್ಲುದು, ಕಾಯಬಲ್ಲುದು. ಮನಸ್ಸನ್ನು ಬಾಡಿಗೆಗೆ ಕೊಟ್ಟವನು ಮೇಜಿನಿಂದ ಎದ್ದರೆ ಬಿಡುಗಡೆಯಾದದ್ದು ಕುರ್ಚಿ ಮಾತ್ರ. ಕೊಂಡವರಿಗೆ ಇದು ಚೆನ್ನಾಗಿ ಗೊತ್ತು. ಗೊತ್ತಿಲ್ಲದಿದ್ದರೆ ಸುಮ್ಮನಿರುವುದಕ್ಕೆ ಒಂದು ವರ್ಷದ ಸಂಬಳ ಏಕೆ ಕೊಟ್ಟಾರು? ಅವರು ಕೊಂಡದ್ದು ಐವತ್ತೈದು ಗಂಟೆಗಳನ್ನಲ್ಲ, ತಲೆಯಲ್ಲಿರುವುದನ್ನು. ಅದು ಎದುರಾಳಿಯ ಮನೆಗೆ ಹೋಗುವ ಮೊದಲು ಹಳಸಲಿ ಎಂದು ಈ ತೋಟದ ರಜೆ. ಪಾತ್ರೆಯ ಹಾಲು ಕೆಡುವವರೆಗೆ ಪಾತ್ರೆಗೆ ಬಾಡಿಗೆ ಕೊಟ್ಟ ಹಾಗೆ.

ಇಷ್ಟು ಬರೆದು ನನ್ನ ಹೆಂಡತಿಗೆ ಓದಿ ಹೇಳಿದೆ. ಆಕೆ ನಕ್ಕು, “ನೀವು ಪಂಪನ ಒಂದು ಪದ್ಯ ತಲೆಯಲ್ಲಿಟ್ಟುಕೊಂಡು ತರಕಾರಿಗೆ ಹೋಗಿ ಹುರುಳಿಕಾಯಿ ಬದಲು ಬೆಂಡೆಕಾಯಿ ತರಲಿಲ್ಲವೆ? ಅದೂ ಕಾಲೇಜಿನ ಸಂಬಳಕ್ಕೇ ಮಾಡಿದ ಕೆಲಸ” ಎಂದಳು. ಆಕ್ಷೇಪಣೆ ಸರಿಯಾದದ್ದೇ. ಕವಿ, ವಿಜ್ಞಾನಿ, ಮೇಷ್ಟ್ರು, ವೈದ್ಯ, ಇವರೆಲ್ಲರ ಮನಸ್ಸೂ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕುವ ಅಂಗಡಿಯಲ್ಲ. ಅದೊಂದು ದೋಷವೆಂದರೆ ಲೋಕದಲ್ಲಿ ಒಳ್ಳೆಯದೇನೂ ಹುಟ್ಟುತ್ತಿರಲಿಲ್ಲ. ಹುಡುಗನನ್ನು ಕೇಳಿದಾಗ ಅವನೂ ಪ್ರಾಮಾಣಿಕವಾಗಿಯೇ ಹೇಳಿದ: “ಮಾವ, ಯಾರೂ ನನ್ನ ಬಲವಂತ ಮಾಡಿಲ್ಲ. ಲೆಕ್ಕ ತಲೆಯಲ್ಲಿ ಓಡ್ತಾ ಇರೋದು ನನಗೆ ಇಷ್ಟ. ಅದು ನಿಂತ ದಿನ ನನಗೆ ಭಯ ಆಗುತ್ತೆ.” ಯಜಮಾನನ ಚಾವಟಿಯನ್ನು ಬಯ್ಯುವುದು ಸುಲಭ, ಇಷ್ಟಪಟ್ಟು ಹೊತ್ತ ನೊಗವನ್ನು ಏನೆಂದು ಬಯ್ಯುವುದು?

ಆದರೂ ಬೆಂಡೆಕಾಯಿಗೂ ಈ ಸೋಫಾಕ್ಕೂ ಒಂದು ವ್ಯತ್ಯಾಸವುಂಟೆಂದು ನನಗೆ ತೋರುತ್ತದೆ. ನನ್ನ ತಲೆಯಲ್ಲಿದ್ದ ಪದ್ಯವನ್ನು ನಾನು ಮನೆಗೆ ಬಂದು ಹೆಂಡತಿಗೆ ಹೇಳಬಲ್ಲೆ. ಆಕೆ ಆಕಳಿಸಬಹುದು, ಅದು ಆಕೆಯ ಹಕ್ಕು. ಆಕೆಯ ಪಾಲು ಆಕೆಗೆ ಹೇಗೋ ಸಂದಂತಾಯಿತು. ಆ ವೈದ್ಯೆ ಹುಡುಗಿಯೂ ಹೆಸರುಗಳನ್ನು ಮರೆಮಾಚಿ ತನ್ನ ದಿನವನ್ನು ಹೇಳಿಕೊಳ್ಳುತ್ತಾಳೆ. ನಮ್ಮ ಹುಡುಗ ಹೇಳುವಂತಿಲ್ಲ. ಏನನ್ನು ಕೊಂಡರು, ಯಾವಾಗ ಮಾರಿದರು, ಯಾವ ಊಹೆ ಫಲಿಸಿತು ಎಂಬುದೆಲ್ಲ ಕರಾರಿನಲ್ಲಿ ಬೀಗಹಾಕಿದ ಗುಟ್ಟು. “ಏನು ಕೆಲಸ ಮಾಡ್ತೀಯೋ?” ಎಂದು ತಾಯಿ ಏಳು ವರ್ಷಗಳಿಂದ ಕೇಳುತ್ತಿದ್ದಾಳೆ. “ಲೆಕ್ಕ ಅಮ್ಮ” ಎನ್ನುತ್ತಾನೆ. ಅದಕ್ಕಿಂತ ಮುಂದಕ್ಕೆ ಅವನು ಹೋಗುವಂತಿಲ್ಲ. ಭಾವನವರು ಒಮ್ಮೆ, “ನೀವು ಗೆದ್ದರೆ ಸೋತವನು ಯಾರೋ?” ಎಂದು ಬ್ಯಾಂಕಿನವರಿಗೆ ಸಹಜವಾದ ಪ್ರಶ್ನೆ ಕೇಳಿದರು. ಕೊಳ್ಳುವವರಿಗೂ ಮಾರುವವರಿಗೂ ಸದಾ ಒಬ್ಬ ಎದುರು ವ್ಯಾಪಾರಿ ಸಿಗುವಂತೆ ಮಾಡುವುದೂ ಒಂದು ಸೇವೆಯೇ ಎಂದು ಅವನು ಉತ್ತರಿಸಿದ; ಭಾವ ತಲೆದೂಗಿದರು, ಒಪ್ಪಿದ್ದಕ್ಕಲ್ಲ. ನಮ್ಮ ದೇಶದಲ್ಲಿ ಸೆಬಿ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದಕ್ಕೆ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ ವ್ಯಾಪಾರಕ್ಕಿಳಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಇದು ಬೇರೆಯೇ ಒಂದು ಪ್ರಬಂಧಕ್ಕೆ ವಸ್ತು, ಇಲ್ಲಿ ಬೇಡ.

ಹೇಳಬಹುದಾದ ಲೆಕ್ಕಕ್ಕೂ ಹೇಳಬಾರದ ಲೆಕ್ಕಕ್ಕೂ ಇರುವ ಅಂತರ ಒಬ್ಬನೇ ಮನುಷ್ಯನಲ್ಲಿ ಕಾಣುವುದುಂಟು. ಜಿಮ್ ಸೈಮನ್ಸ್ ಎಂಬ ಅಮೆರಿಕದ ಗಣಿತಜ್ಞ 2024ರಲ್ಲಿ ತೀರಿಕೊಂಡ. ಚೀನಾ ಮೂಲದ ಮಹಾಗಣಿತಜ್ಞ ಚೆರ್ನ್ ಜೊತೆಗೂಡಿ 1974ರಲ್ಲಿ ಆತ ಪ್ರಕಟಿಸಿದ ಗಣಿತ ಇಬ್ಬರ ಹೆಸರಿನಲ್ಲಿಯೂ ಉಳಿದುಕೊಂಡಿದೆ. ಭೌತವಿಜ್ಞಾನಿಗಳು ಅದನ್ನು ತಾವು ನೆನೆಸಿರದ ಕಡೆಗಳಲ್ಲೆಲ್ಲ ಬಳಸಿಕೊಂಡರು. 1978ರಲ್ಲಿ ಆತ ವಿಶ್ವವಿದ್ಯಾಲಯವನ್ನು ಬಿಟ್ಟು ಹಣದ ಪೇಟೆಗೆ ಬಂದ. ಆತ ಕಟ್ಟಿದ ರಿನೇಸಾನ್ಸ್ ಸಂಸ್ಥೆಯ ಮೆಡಾಲಿಯನ್ ಎಂಬ ನಿಧಿ ಗಳಿಸಿದ ಹಾಗೆ ಬೇರೊಂದು ನಿಧಿ ಗಳಿಸಿಲ್ಲವೆನ್ನುತ್ತಾರೆ. ಅಲ್ಲಿ ಗಣಿತಜ್ಞರೂ ಭೌತವಿಜ್ಞಾನಿಗಳೂ ಹಗಲಿರುಳು ಕಂಡುಕೊಂಡ ಸೂತ್ರಗಳು ಮಾತ್ರ ಹೊರಗಿನ ಯಾರಿಗೂ ಗೊತ್ತಿಲ್ಲ. ಮುಪ್ಪಿನಲ್ಲಿ ಆತ ಆ ಹಣದಿಂದಲೇ ನ್ಯೂಯಾರ್ಕಿನಲ್ಲಿ ಫ್ಲಾಟೈರನ್ ಎಂಬ ಸಂಶೋಧನಾಲಯವನ್ನು ಸ್ಥಾಪಿಸಿದ. ಅಲ್ಲಿ ಕಂಡದ್ದನ್ನು ಲೋಕಕ್ಕೆಲ್ಲ ಹಂಚುತ್ತಾರೆ. ಗುಟ್ಟಿನ ಲೆಕ್ಕ ಬಯಲಿನ ಲೆಕ್ಕಕ್ಕೆ ಅನ್ನ ಹಾಕುತ್ತಿದೆ. ಇದನ್ನು ಮೆಚ್ಚಬೇಕೋ ಮರುಗಬೇಕೋ ನನಗೆ ಈಗಲೂ ತಿಳಿಯದು. ಡರ್ಮನ್ನನೂ ಪಾಲ್ ವಿಲ್ಮಟ್ ಎಂಬಾತನೂ 2009ರಲ್ಲಿ, ಪೇಟೆಗಳು ಕುಸಿದ ಮರುವರ್ಷ, ವೈದ್ಯರ ಪ್ರತಿಜ್ಞೆಯ ಮಾದರಿಯಲ್ಲಿ ಈ ಕಸಬಿನವರಿಗೊಂದು ಪ್ರತಿಜ್ಞೆಯನ್ನು ಬರೆದರು. ಲೆಕ್ಕದ ನಿಖರತೆಯ ವಿಷಯದಲ್ಲಿ ಜನರಿಗೆ ಸುಳ್ಳು ಧೈರ್ಯ ಹೇಳಬಾರದೆಂಬ ಒಳ್ಳೆಯ ಮಾತು ಅದರಲ್ಲಿದೆ. ಮನೆಯಲ್ಲಿ ಕಾದು ಕುಳಿತವರ ವಿಷಯ ಅದರಲ್ಲಿಲ್ಲ.

ನಮ್ಮ ಕಡೆ ಅವಿಭಕ್ತ ಕುಟುಂಬದ ಆಸ್ತಿಗೆ ಒಂದು ನಿಯಮವುಂಟು. ಪಿತ್ರಾರ್ಜಿತ ಹೊಲದಲ್ಲಿ ನನ್ನದೂ ಒಂದು ಪಾಲಿದೆ. ಹಾಗೆಂದು ಅಣ್ಣತಮ್ಮಂದಿರ ಒಪ್ಪಿಗೆಯಿಲ್ಲದೆ ಇಡೀ ಹೊಲವನ್ನು ನಾನೊಬ್ಬನೇ ಮಾರಿದರೆ ಅವರು ಕೋರ್ಟಿನ ಮೆಟ್ಟಲು ಹತ್ತುತ್ತಾರೆ, ಹತ್ತಬೇಕಾದದ್ದೇ. ಮನುಷ್ಯನ ಹಗಲು ಅವನ ಸ್ವಯಾರ್ಜಿತವಿರಬಹುದು; ಸಂಜೆ ಮಾತ್ರ ಅವಿಭಕ್ತ ಆಸ್ತಿ ಎಂದು ನನಗೆ ಅನ್ನಿಸುತ್ತದೆ. ಅದರಲ್ಲಿ ಹೆಂಡತಿಗೆ ಪಾಲುಂಟು, ಮಕ್ಕಳಿದ್ದರೆ ಅವಕ್ಕೆ ಉಂಟು, ಊರಿನಲ್ಲಿರುವ ತಾಯಿಗೂ ವಾರಕ್ಕೊಮ್ಮೆಯ ಒಂದು ಪಾಲುಂಟು. ಹುಡುಗ ಸಂಸ್ಥೆಯೊಡನೆ ಮಾಡಿಕೊಂಡ ಕರಾರಿನಲ್ಲಿ ಅವನೊಬ್ಬನ ರುಜುವಿದೆ. ಕೊಂಡವರು ಕೇಳಲಿಲ್ಲ, ಮಾರಿದವನಿಗೂ ತಾನು ಯಾರ ಪಾಲನ್ನು ಮಾರುತ್ತಿದ್ದೇನೆಂದು ಹೊಳೆಯಲಿಲ್ಲ, ಏಕೆಂದರೆ ಕಾಗದದಲ್ಲಿ ಸಂಜೆಯ ಪ್ರಸ್ತಾಪವೇ ಇರಲಿಲ್ಲ. ನಾನು ಇದನ್ನು ಅವನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಅವಳಿಂದಲೂ ರುಜು ತಗೋಬೇಕಾಗಿತ್ತು ಅಂತೀರಿ” ಎಂದ. ರುಜು ಹಾಕುತ್ತಿದ್ದಳೇ ಎಂದು ಕೇಳಿದೆ. “ಮೊದಲ ವರ್ಷ ಹಾಕ್ತಿದ್ದಳು” ಎಂದ.

2023ರಲ್ಲಿ ಇನ್‌ಫೋಸಿಸ್ಸಿನ ನಾರಾಯಣ ಮೂರ್ತಿಯವರು ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಎರಡು ಪಕ್ಷಗಳಾದವು. ಮೂರ್ತಿಯವರ ಪಕ್ಷದವರು ಶರಣರ ಕಾಯಕವನ್ನು ಸಾಕ್ಷಿಗೆ ಕರೆದರು. ಶರಣರನ್ನು ಸಾಕ್ಷಿಗೆ ಕರೆಯುವವರು ಆಯ್ದಕ್ಕಿ ಲಕ್ಕಮ್ಮನನ್ನು ಹೊರಗೆ ನಿಲ್ಲಿಸುವುದು ಏಕೋ ಕಾಣೆ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಸಂತೋಷಪಡಲಿಲ್ಲ, ಹೆಚ್ಚಾದದ್ದನ್ನು ಹಿಂದಕ್ಕೆ ಸುರಿದು ಬಾ ಎಂದು ಕಳುಹಿಸಿದಳು. ಗಂಡನ ದುಡಿಮೆಗೆ ಇಷ್ಟು ಸಾಕು ಎಂದು ಗೆರೆ ಹಾಕುವ ಅಧಿಕಾರ ಹೆಂಡತಿಗೆ ಇತ್ತೆಂಬುದು ಆ ಕಥೆಯಲ್ಲಿ ನನಗೆ ಬಹು ಮುಖ್ಯವಾಗಿ ಕಾಣುತ್ತದೆ. ಹುಡುಗನಿಗೆ ಈ ಕಥೆ ಹೇಳಿದಾಗ ಅವನು ಒಂದು ಒಳ್ಳೆಯ ಆಕ್ಷೇಪಣೆ ಎತ್ತಿದ: “ಮಾವ, ಅಕ್ಕಿ ಕಣ್ಣಿಗೆ ಕಾಣುತ್ತೆ. ಸೇರು ಪಾವು ಇಟ್ಟು ಅಳೀಬಹುದು. ನನ್ನ ಕೆಲಸದಲ್ಲಿ ಇವತ್ತಿಗೆ ಇಷ್ಟು ಸಾಕು ಅಂತ ಯಾವುದನ್ನು ನೋಡಿ ಹೇಳಲಿ?” ನನ್ನಲ್ಲಿ ಉತ್ತರವಿರಲಿಲ್ಲ. ಅಳತೆ ಅಕ್ಕಿಯಲ್ಲಿರಲಿಲ್ಲ, ಲಕ್ಕಮ್ಮನಲ್ಲಿತ್ತು ಎಂದು ಮಾರನೆಯ ದಿನ ಸ್ನಾನಮಾಡುವಾಗ ಹೊಳೆಯಿತು. ಅಷ್ಟರಲ್ಲಿ ಅವನು ಭಾವನವರ ಜೊತೆ ನಂಜನಗೂಡಿಗೆ ಹೋಗಿದ್ದ.

ಮಲ್ಲಿಗೆಯ ವಿಷಯ ಹೇಳದಿದ್ದರೆ ಈ ವೃತ್ತಾಂತ ಪೂರ್ತಿಯಾಗದು. ನೀರು ಹಾಕುತ್ತ ಒಂದು ವಾರವಾದ ಮೇಲೆ ಹುಡುಗ ಬೆಳಗ್ಗೆ ಎದ್ದು ಅರಳಿದ ಹೂಗಳನ್ನು ಎಣಿಸತೊಡಗಿದ. ಎಣಿಸಿದ್ದನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ ಬರೆಯುತ್ತಿದ್ದ. ಮೂರು ವಾರವಾಗುತ್ತಲೂ, ಮೊಗ್ಗಿನ ದಪ್ಪ ನೋಡಿ, ಹಿಂದಿನ ದಿನದ ಬಿಸಿಲು ನೋಡಿ, ನಾಳೆ ಇಷ್ಟು ಎಂದು ರಾತ್ರಿಯೇ ಹೇಳುತ್ತಿದ್ದ. ಅಕ್ಕನಿಗೆ ಅದೊಂದು ಪಂದ್ಯವಾಯಿತು. “ನಲವತ್ತರ ಆಸುಪಾಸು ಅಂದಿದ್ದ ನೋಡು, ನಲವತ್ತೆರಡು!” ಎಂದು ಬೆಳಗ್ಗೆ ಬೆಳಗ್ಗೆಯೇ ಪಕ್ಕದ ಮನೆಯವರನ್ನು ಕೂಗಿ ಹೇಳುತ್ತಿದ್ದಳು. ತಪ್ಪಿದ ದಿನ ಅವನು ಏಕೆ ತಪ್ಪಿತೆಂದು ವಿವರಿಸುತ್ತಿದ್ದ. ರಾತ್ರಿ ಮಳೆ ಬಿತ್ತು, ಅಥವಾ ಪಕ್ಕದ ಮನೆಯ ಮಗು ಬೇಲಿಯ ಮೇಲಿಂದ ಕಿತ್ತುಕೊಂಡಿತು. ಅವಳು ಬಾಯಿ ತೆರೆದು ಕೇಳುತ್ತಿದ್ದಳು. ಮಗನ ಕೆಲಸ ಏನೆಂಬುದು ಅವಳಿಗೆ ಏಳು ವರ್ಷಗಳಲ್ಲಿ ಮೊದಲ ಸಲ ತಿಳಿದದ್ದು ಹಾಗೆ. ಅಷ್ಟು ಹೊತ್ತಿಗೆ ಸಂಜೆ ಏಳು ಗಂಟೆಗೆ ಅವನ ಕಿವಿ ನಿಮಿರುವುದು ಪೂರ್ತಿ ನಿಂತಿತೆಂದೇನೂ ನಾನು ಹೇಳಲಾರೆ.

ವರ್ಷ ಮುಗಿದು ಹೊಸ ಸಂಸ್ಥೆಯನ್ನು ಸೇರಿದ. ಸೇರಬಾರದಿತ್ತೆಂದು ನನಗೂ ಅನ್ನಿಸುವುದಿಲ್ಲ. ಕಲಿತ ವಿದ್ಯೆ, ಮನೆಯ ಸಾಲ, ಎಲ್ಲವೂ ಇವೆಯಷ್ಟೆ. ಭಾನುವಾರ ಫೋನು ಮಾಡುತ್ತಾನೆ. ಮೊನ್ನೆ ನಾನು ಅಲ್ಲಿಯೇ ಇದ್ದೆ. ಅಕ್ಕ ಎಲ್ಲರಿಗೂ ಕೇಳಲೆಂದು ಫೋನನ್ನು ಮೇಜಿನ ಮೇಲಿಟ್ಟಿದ್ದಳು. “ಅಮ್ಮ, ಇವತ್ತು ಎಷ್ಟು ಬಿಟ್ಟಿದೆ?” ಎಂದ.

“ಈಗೆಲ್ಲಿ ಹೂವಿನ ಕಾಲವೋ? ಒಂದೂ ಇಲ್ಲ.”

“ಸರಿ, ಸೊನ್ನೆ ಅಂತ ಬರ್ಕೋತೀನಿ.”

ಹಿಂದಿನಿಂದ ಅವನ ಹೆಂಡತಿ, “ಎಷ್ಟಂತೆ?” ಎಂದು ಕೇಳಿದ್ದು ನಮಗೂ ಕೇಳಿಸಿತು.